ಧ್ವನಿ ಕಡಿತ: ದೋಷ ಎಲ್ಲಿ, ನಷ್ಟ ಯಾರಿಗೆ?

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಶಾಮಿಯಾನ, ದೀಪಾಲಂಕಾರ ಮತ್ತು ಧ್ವನಿವರ್ಧಕಗಳನ್ನು ಬಾಡಿಗೆಗೆ ನೀಡುವ ವ್ಯವಹಾರವು ಬಂಡವಾಳದ ದೃಷ್ಟಿಯಿಂದ ಸಣ್ಣದಾದರೂ ಅನೇಕ ಕುಟುಂಬಗಳಿಗೆ ಆಧಾರವಾಗಿದೆ. ಶ್ರೀಕಂಠೇಶ್ವರಸ್ವಾಮಿಯ ದೊಡ್ಡ ಜಾತ್ರೆ, ಸುತ್ತೂರಿನ ಜಾತ್ರಾ ಮಹೋತ್ಸವ, ಮೂರು ವರ್ಷಗಳಿಗೊಮ್ಮೆ ತ್ರಿವೇಣಿ ಸಂಗಮದಲ್ಲಿ ಜರುಗುವ ಕುಂಭಮೇಳ, ಗಣೇಶೋತ್ಸವ, ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವ ಇವೆಲ್ಲವೂ ಈ ವ್ಯವಹಾರದ ಸುಗ್ಗಿಯ ದಿನಗಳು. ಆಷಾಢ ಮತ್ತು ಪಿತೃಪಕ್ಷಗಳನ್ನು ಬಿಟ್ಟರೆ ಮದುವೆ, ಆರತಕ್ಷತೆ, ಗೃಹಪ್ರವೇಶಗಳ ಬೇಡಿಕೆಯೂ ಸತತವಾಗಿರುತ್ತದೆ.

ಒಂದು ಕಾಲದಲ್ಲಿ 'ಮೈಕ್‌ಸೆಟ್' ಎಂದರೆ ಗ್ರಾಮಫೋನ್ ತಟ್ಟೆ, ಕೊಂಬಿನ ಆಕಾರದ ಧ್ವನಿವರ್ಧಕ ಮತ್ತು ಒಂದು ಆಂಪ್ಲಿಫೈಯರ್ ಎಂದಷ್ಟೇ ಅರ್ಥವಿತ್ತು. ನಂತರ ಕ್ಯಾಸೆಟ್ ಬಂದಿತು, ಆಮೇಲೆ ಸಿ.ಡಿ. ಬಂದಿತು. ಇಂದು ಹಾಡುಗಳೆಲ್ಲವೂ ಲ್ಯಾಪ್‌ಟಾಪ್‌ನಲ್ಲಿವೆ, ಅದಕ್ಕೆ ಯು.ಎಸ್.ಬಿ. ತಂತಿಯಿಂದ ಜೋಡಿಸಿದ ಡಿ.ಜೆ. ಕಂಟ್ರೋಲರ್ ಮೂಲಕ ಧ್ವನಿಯು ಮಿಕ್ಸರ್‌ಗೂ ಅಲ್ಲಿಂದ ಆಂಪ್ಲಿಫೈಯರ್‌ಗೂ ಹೋಗುತ್ತದೆ. ಉಪಕರಣ ಬದಲಾದಂತೆ ತೊಂದರೆಯ ಸ್ವರೂಪವೂ ಬದಲಾಗಿದೆ. ಹಾಡು ನಡೆಯುತ್ತಿರುವಾಗಲೇ ಕ್ಷಣಕಾಲ ಧ್ವನಿ ನಿಲ್ಲುವುದು, 'ಚಟ ಚಟ' ಎಂದು ಒಡೆಯುವುದು, ಕೆಲವೊಮ್ಮೆ ಅರ್ಧ ನಿಮಿಷ ಸಂಪೂರ್ಣ ಮೌನವಾಗುವುದು, ಇದನ್ನೇ ಈ ವೃತ್ತಿಯವರು 'ಸೌಂಡ್ ಕಟ್' ಎನ್ನುತ್ತಾರೆ.

ಲೆಕ್ಕಪರಿಶೋಧಕನಾದ ನನಗೆ ಈ ತೊಂದರೆಯ ಪರಿಚಯವಾದದ್ದು ವೇದಿಕೆಯ ಪಕ್ಕದಲ್ಲಲ್ಲ, ಖಾತೆ ಪುಸ್ತಕಗಳಲ್ಲಿ. ಅಲ್ಲಿ ಇದು ಮೂರು ಹೆಸರುಗಳಲ್ಲಿ ದಾಖಲಾಗುತ್ತದೆ. ಮೊದಲನೆಯದು 'ಬಾಕಿ ಬಂದಿಲ್ಲ', ಎರಡನೆಯದು 'ರಿಯಾಯಿತಿ', ಮೂರನೆಯದು 'ಆಪರೇಟರ್ ಕೂಲಿಯಲ್ಲಿ ಮುರಿದದ್ದು'. ಧ್ವನಿ ಏಕೆ ನಿಂತಿತು ಎಂಬುದಕ್ಕೆ ಮಾತ್ರ ಯಾವ ಪುಸ್ತಕದಲ್ಲಿಯೂ ಒಂದು ಸಾಲು ಇರುವುದಿಲ್ಲ. ಧ್ವನಿ ಕಡಿತವು ದುರದೃಷ್ಟವಲ್ಲ. ಕಾರಣ ಹುಡುಕಬಹುದಾದ, ಬಹುಪಾಲು ಅಲ್ಪ ಖರ್ಚಿನಲ್ಲಿ ನಿವಾರಿಸಬಹುದಾದ ದೋಷ. ಆ ಕಾರಣವನ್ನು ಹುಡುಕದೆ ನಷ್ಟವನ್ನು ಆಪರೇಟರ್ ಹುಡುಗನ ಮೇಲೆ ಹೊರಿಸುವುದು ನ್ಯಾಯವೂ ಅಲ್ಲ, ಲಾಭದಾಯಕವೂ ಅಲ್ಲ ಎಂಬುದು ಈ ಲೇಖನದ ನಿಲುವು.

ನಷ್ಟದ ಲೆಕ್ಕ

ಉದಾಹರಣೆಗಾಗಿ ಒಂದು ಆರತಕ್ಷತೆಯ ಧ್ವನಿ ವ್ಯವಸ್ಥೆಗೆ 25,000 ರೂಪಾಯಿ ಬಾಡಿಗೆ ಗೊತ್ತಾಗಿದೆ, 10,000 ರೂಪಾಯಿ ಮುಂಗಡ ಬಂದಿದೆ ಎಂದಿಟ್ಟುಕೊಳ್ಳೋಣ. ಸಮಾರಂಭದ ನಡುವೆ ನಾಲ್ಕೈದು ಬಾರಿ ಧ್ವನಿ ನಿಂತಿತೆಂದು ಗ್ರಾಹಕರು ಬಾಕಿಯಲ್ಲಿ 5,000 ರೂಪಾಯಿ ಹಿಡಿದುಕೊಳ್ಳುತ್ತಾರೆ. ಮಾಲೀಕರು ಅಂದಿನ ಆಪರೇಟರ್‌ನ 1,000 ರೂಪಾಯಿ ಕೂಲಿಯನ್ನು ಕೊಡುವುದಿಲ್ಲ. ಇಷ್ಟಾದರೂ ಮಾಲೀಕರಿಗೆ 4,000 ರೂಪಾಯಿ ನಷ್ಟ ಉಳಿಯಿತು. ಹುಡುಗನಿಗೆ ಒಂದು ರಾತ್ರಿಯ ದುಡಿಮೆ ಹೋಯಿತು. ದೋಷವು ಯಥಾಸ್ಥಿತಿಯಲ್ಲಿ ಲ್ಯಾಪ್‌ಟಾಪ್‌ನೊಳಗೇ ಕುಳಿತು ಮುಂದಿನ ಮುಹೂರ್ತಕ್ಕಾಗಿ ಕಾಯುತ್ತಿದೆ.

ಕಳೆದುಹೋದ ಸಮಯವನ್ನು ರಾತ್ರಿ ಮುಂದುವರಿಸಿ ತುಂಬಿಕೊಡುವ ಅವಕಾಶವೂ ಈಗ ಇಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2005ರ ಜುಲೈ 18ರ ತೀರ್ಪಿನಲ್ಲಿ ಈ ನಿರ್ಬಂಧವನ್ನು ದೃಢಪಡಿಸಿದೆ. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಶಬ್ದದ ಮಟ್ಟವು ಆ ಪ್ರದೇಶಕ್ಕೆ ನಿಗದಿಯಾದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. 2025ರ ಗಣೇಶೋತ್ಸವದಲ್ಲಿ ರಾಜ್ಯದ ಕೆಲವು ಜಿಲ್ಲಾಡಳಿತಗಳು ಮೆರವಣಿಗೆಗಳಲ್ಲಿ ಡಿ.ಜೆ.ಯನ್ನೇ ನಿಷೇಧಿಸಿದವು. ಹೀಗಿರುವಾಗ ಇನ್ನೂ ನಾಲ್ಕು ಬಾಕ್ಸ್ ಕೊಂಡು ಶಬ್ದ ಹೆಚ್ಚಿಸುವುದರಲ್ಲಿ ಈ ವೃತ್ತಿಗೆ ಭವಿಷ್ಯವಿಲ್ಲ. ಅನುಮತಿ ಇರುವ ಅವಧಿಯಲ್ಲಿ, ಅನುಮತಿ ಇರುವ ಮಟ್ಟದಲ್ಲಿ, ಅಡಚಣೆಯಿಲ್ಲದ ಸ್ವಚ್ಛ ಧ್ವನಿಯನ್ನು ನೀಡುವವರೇ ಉಳಿಯುತ್ತಾರೆ.

ಧ್ವನಿ ಏಕೆ ನಿಲ್ಲುತ್ತದೆ?

ಲ್ಯಾಪ್‌ಟಾಪ್ ಹಾಡನ್ನು ಒಂದೇ ಧಾರೆಯಾಗಿ ಹೊರಗೆ ಕಳುಹಿಸುವುದಿಲ್ಲ. ಸಿ.ಡಿ. ಗುಣಮಟ್ಟದ ಧ್ವನಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಅಂಕಿ-ಮಾದರಿಗಳಿರುತ್ತವೆ. ಯಂತ್ರವು ಇವುಗಳನ್ನು ಸಣ್ಣ ಸಣ್ಣ ಕಂತುಗಳಾಗಿ ಸಿದ್ಧಪಡಿಸಿ 'ಬಫರ್' ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಇಡುತ್ತದೆ. ಕಂಟ್ರೋಲರ್ ಅಲ್ಲಿಂದ ತೆಗೆದುಕೊಂಡು ನುಡಿಸುತ್ತದೆ. ಬಫರ್ 128 ಮಾದರಿಗಳದ್ದಾದರೆ ಮುಂದಿನ ಕಂತನ್ನು ಸುಮಾರು 2.9 ಮಿಲಿಸೆಕೆಂಡಿನೊಳಗೆ ತುಂಬಬೇಕು. 512 ಆದರೆ 11.6 ಮಿಲಿಸೆಕೆಂಡ್, 1,024 ಆದರೆ 23.2 ಮಿಲಿಸೆಕೆಂಡ್. ಒಂದೇ ಒಂದು ಕಂತು ತಡವಾದರೂ ಆ ಕ್ಷಣ ನುಡಿಸಲು ಏನೂ ಇರುವುದಿಲ್ಲ. ಅದೇ ನಮ್ಮ ಕಿವಿಗೆ ಕಡಿತವಾಗಿ ಅಥವಾ ಚಟಚಟ ಸದ್ದಾಗಿ ಕೇಳಿಸುತ್ತದೆ.

ವರ್ತಕ ಬಂಧುಗಳಿಗೆ ಇದು ಅಪರಿಚಿತ ವಿಷಯವೇನಲ್ಲ. ವರ್ಷದ ಕೊನೆಗೆ ಲಾಭವಿದ್ದರೂ ತಿಂಗಳ ಮೊದಲ ದಿನ ಸಂಬಳ ಕೊಡಲು ಕೈಯಲ್ಲಿ ನಗದು ಇಲ್ಲದೆ ಪರದಾಡುವ ಅಂಗಡಿಗಳನ್ನು ನಾವು ಕಂಡಿದ್ದೇವೆ. ಲ್ಯಾಪ್‌ಟಾಪ್‌ನ ಸ್ಥಿತಿಯೂ ಹಾಗೆಯೇ. ಪರದೆಯಲ್ಲಿ ಪ್ರೊಸೆಸರ್‌ನ ಬಳಕೆ ಸರಾಸರಿ ಶೇಕಡ 20 ಎಂದು ತೋರಿಸುತ್ತಿದ್ದರೂ, ಬೇಕಾದ ಆ ಮೂರು ಮಿಲಿಸೆಕೆಂಡಿನಲ್ಲಿ ಅದು ಬೇರೊಂದು ಕೆಲಸದಲ್ಲಿ ತೊಡಗಿದ್ದರೆ ಧ್ವನಿ ನಿಂತೇ ನಿಲ್ಲುತ್ತದೆ. ಆದುದರಿಂದ 'ಹೊಸ ಲ್ಯಾಪ್‌ಟಾಪ್, ಬೆಲೆ ಜಾಸ್ತಿ, ಆದರೂ ಕಟ್ ಆಗುತ್ತದೆ' ಎಂಬ ಮಾತಿನಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ.

ಮೊದಲು ದಿಕ್ಕನ್ನು ಗುರುತಿಸಬೇಕು

ಧ್ವನಿ ನಿಂತ ಕೂಡಲೇ ಸಿಕ್ಕ ಸಿಕ್ಕ ತಂತಿಗಳನ್ನೆಲ್ಲ ಎಳೆದು ಚುಚ್ಚುವುದು ಸಾಮಾನ್ಯ ರೂಢಿ. ಧ್ವನಿ ಮರಳಿ ಬಂದರೂ ಯಾವುದರಿಂದ ಬಂದಿತೆಂದು ತಿಳಿಯುವುದಿಲ್ಲ. ಅದರ ಬದಲು ಮಿಕ್ಸರ್‌ನಲ್ಲಿ ಧ್ವನಿಯ ಮಟ್ಟ ತೋರಿಸುವ ದೀಪಗಳ ಸಾಲನ್ನು ನೋಡಬೇಕು. ಧ್ವನಿ ನಿಂತಾಗ ಆ ದೀಪಗಳೂ ಆರಿದರೆ ದೋಷವು ಮಿಕ್ಸರ್‌ಗಿಂತ ಮೊದಲು, ಅಂದರೆ ಲ್ಯಾಪ್‌ಟಾಪ್, ಯು.ಎಸ್.ಬಿ. ತಂತಿ ಅಥವಾ ಕಂಟ್ರೋಲರ್‌ನಲ್ಲಿದೆ. ದೀಪಗಳು ಎಂದಿನಂತೆ ಕುಣಿಯುತ್ತಿದ್ದು ಬಾಕ್ಸ್ ಮಾತ್ರ ಮೌನವಾಗಿದ್ದರೆ ದೋಷವು ಮಿಕ್ಸರ್‌ನ ನಂತರ, ಅಂದರೆ ಆಂಪ್ಲಿಫೈಯರ್ ಬಿಸಿಯಾಗಿ ತನ್ನನ್ನು ತಾನು ಬಂದ್ ಮಾಡಿಕೊಂಡಿರುವುದರಲ್ಲೋ ಸ್ಪೀಕರ್ ತಂತಿ ಸಡಿಲವಾಗಿರುವುದರಲ್ಲೋ ಇದೆ. ಒಂದು ನೋಟದಲ್ಲಿ ಆಗುವ ಈ ಪರೀಕ್ಷೆಗೆ ಒಂದು ಪೈಸೆಯೂ ಖರ್ಚಿಲ್ಲ. ಆದರೆ ಅರ್ಧದಷ್ಟು ವ್ಯರ್ಥ ಶ್ರಮವನ್ನು ಇದು ತಪ್ಪಿಸುತ್ತದೆ.

ಶೋಧನೆಯ ಕ್ರಮ

ದೋಷವು ಲ್ಯಾಪ್‌ಟಾಪ್ ಕಡೆಗಿದೆ ಎಂದು ಖಚಿತವಾದ ಮೇಲೆ, ಸಮಾರಂಭದ ದಿನವಲ್ಲ, ಬಿಡುವಿನ ದಿನ ಗೋದಾಮಿನಲ್ಲಿ ಕುಳಿತು ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕನಿಷ್ಠ ಅರ್ಧ ಗಂಟೆ ಹಾಡು ನುಡಿಸಿ ನೋಡಿ, ಫಲಿತಾಂಶವನ್ನು ಬರೆದಿಟ್ಟ ನಂತರವೇ ಮುಂದಿನದಕ್ಕೆ ಹೋಗಬೇಕು ಎಂಬುದು ಇದರ ಮುಖ್ಯ ನಿಯಮ.

1. ಯು.ಎಸ್.ಬಿ. ತಂತಿಯನ್ನು ಬದಲಿಸಿ. ಯು.ಎಸ್.ಬಿ. 2.0 ತಂತಿಯ ಗರಿಷ್ಠ ಉದ್ದ 5 ಮೀಟರ್. ಎರಡು ತಂತಿಗಳನ್ನು ಗಂಟು ಹಾಕಿ ಉದ್ದ ಮಾಡುವುದು ತೊಂದರೆಗೆ ಆಹ್ವಾನ. ಲ್ಯಾಪ್‌ಟಾಪ್ ಮತ್ತು ಕಂಟ್ರೋಲರ್ ಒಂದೇ ಮೇಜಿನ ಮೇಲಿರಲಿ. ದೂರ ಹೋಗಬೇಕಾದದ್ದು ಮಿಕ್ಸರ್‌ನಿಂದ ಹೊರಡುವ ಧ್ವನಿ ತಂತಿಯೇ ಹೊರತು ಯು.ಎಸ್.ಬಿ. ತಂತಿಯಲ್ಲ.

2. ಹಲವು ಉಪಕರಣಗಳನ್ನು ಒಂದೇ ಕಿಂಡಿಗೆ ಜೋಡಿಸುವ ಹಬ್‌ ತೆಗೆದುಬಿಡಿ. ಯು.ಎಸ್.ಬಿ. 2.0 ಕಿಂಡಿಯಿಂದ ದೊರೆಯುವ ವಿದ್ಯುತ್ 500 ಮಿಲಿ ಆಂಪಿಯರ್ ಮಾತ್ರ. ಅದರಲ್ಲಿಯೇ ಕಂಟ್ರೋಲರ್, ಪೆನ್ ಡ್ರೈವ್ ಮತ್ತು ಮೊಬೈಲ್ ಚಾರ್ಜಿಂಗ್ ನಡೆದರೆ ಕಂಟ್ರೋಲರ್‌ಗೆ ವಿದ್ಯುತ್ ಸಾಲದೆ ಸಂಪರ್ಕ ತಪ್ಪುತ್ತದೆ.

3. ವಿದ್ಯುತ್ ಉಳಿತಾಯದ ವ್ಯವಸ್ಥೆಗಳನ್ನು ನಿಲ್ಲಿಸಿ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ 'ಹೈ ಪರ್ಫಾರ್ಮೆನ್ಸ್' ಆಯ್ದುಕೊಂಡು, 'ಯು.ಎಸ್.ಬಿ. ಸೆಲೆಕ್ಟಿವ್ ಸಸ್ಪೆಂಡ್' ಎಂಬುದನ್ನು ರದ್ದುಪಡಿಸಬೇಕು. ಇದನ್ನು ಚಾರ್ಜರ್ ಮತ್ತು ಬ್ಯಾಟರಿ ಎರಡೂ ಸ್ಥಿತಿಗಳಿಗೆ ಮಾಡುವುದು ಅವಶ್ಯ. ಏಕೆಂದರೆ ಮೆರವಣಿಗೆಯಲ್ಲಿ ಜನರೇಟರ್ ಕ್ಷಣಕಾಲ ಕೈಕೊಟ್ಟರೆ ಲ್ಯಾಪ್‌ಟಾಪ್ ಬ್ಯಾಟರಿಗೆ ಹೊರಳಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

4. ವೈ-ಫೈ ಮತ್ತು ಬ್ಲೂಟೂತ್‌ಗಳನ್ನು ಆರಿಸಿ. ಇವುಗಳ ಡ್ರೈವರ್ ತಂತ್ರಾಂಶಗಳು ಪ್ರೊಸೆಸರನ್ನು ಆಗಾಗ್ಗೆ ತಡೆಹಿಡಿಯುವುದು ಧ್ವನಿ ಕಡಿತದ ಸಾಮಾನ್ಯ ಕಾರಣಗಳಲ್ಲೊಂದು. ಯಾವ ಡ್ರೈವರ್ ತಡ ಮಾಡುತ್ತಿದೆ ಎಂಬುದನ್ನು ತೋರಿಸುವ 'ಲೇಟೆನ್ಸಿಮಾನ್' ಎಂಬ ತಂತ್ರಾಂಶವೂ ಲಭ್ಯವಿದೆ.

5. ಕಂಟ್ರೋಲರ್ ತಯಾರಕರೇ ನೀಡುವ 'ಆಸಿಯೊ' ಡ್ರೈವರನ್ನು ಹಾಕಿ. ಸ್ಟೈನ್‌ಬರ್ಗ್ ಸಂಸ್ಥೆಯು 1997ರಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ ಧ್ವನಿಯು ವಿಂಡೋಸ್‌ನ ಸಾಮಾನ್ಯ ಮಾರ್ಗವನ್ನು ಬಿಟ್ಟು ನೇರವಾಗಿ ಉಪಕರಣವನ್ನು ತಲುಪುತ್ತದೆ. ತಂತ್ರಾಂಶ ಮತ್ತು ಉಪಕರಣ ಎರಡರಲ್ಲಿಯೂ ಮಾದರಿಯ ಪ್ರಮಾಣ 44,100 ಅಥವಾ 48,000, ಯಾವುದಾದರೊಂದೇ ಇರಲಿ.

6. ಇದಾದ ಮೇಲೂ ಕಡಿತವಿದ್ದರೆ ಬಫರನ್ನು ಒಂದೊಂದೇ ಮೆಟ್ಟಿಲು ಹೆಚ್ಚಿಸಿ. 1,024ಕ್ಕೆ ಏರಿಸಿದರೂ ಆಗುವ ವಿಳಂಬವು ಬಾಕ್ಸ್‌ನಿಂದ ಸುಮಾರು ಎಂಟು ಮೀಟರ್ ದೂರ ನಿಂತವರಿಗೆ ಧ್ವನಿ ತಲುಪುವಷ್ಟು ಸಮಯ ಮಾತ್ರ. ತಟ್ಟೆ ಉಜ್ಜುವ ಕೈಚಳಕಕ್ಕೆ ಇದು ಅಡ್ಡಿಯಾಗಬಹುದು. ಆರತಕ್ಷತೆಯಲ್ಲಿ ಹಾಡಿನ ಮೇಲೆ ಹಾಡು ಹಾಕುವವರಿಗೆ ಏನೂ ಬಾಧಕವಿಲ್ಲ.

7. ಹಾಡುಗಳು ಪೆನ್ ಡ್ರೈವ್‌ನಲ್ಲಲ್ಲ, ಲ್ಯಾಪ್‌ಟಾಪ್‌ನ ಎಸ್.ಎಸ್.ಡಿ.ಯಲ್ಲಿರಲಿ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರವನ್ನು ಬಾಸ್ ಬಾಕ್ಸ್ ಮೇಲಿಟ್ಟರೆ ಅದುರುವಿಕೆಯಿಂದಲೇ ಓದುವಿಕೆ ತಪ್ಪುತ್ತದೆ.

8. ಬಿಸಿಲು ಮತ್ತು ಧೂಳನ್ನು ಮರೆಯಬಾರದು. ದೊಡ್ಡ ಜಾತ್ರೆ ನಡೆಯುವ ಮಾರ್ಚ್-ಏಪ್ರಿಲ್‌ನಲ್ಲಿ ತೆರೆದ ವಾಹನದ ಮೇಲಿಟ್ಟ ಲ್ಯಾಪ್‌ಟಾಪ್ ಬಿಸಿಯೇರಿದಾಗ ತನ್ನ ರಕ್ಷಣೆಗಾಗಿ ಪ್ರೊಸೆಸರ್‌ನ ವೇಗವನ್ನು ಇಳಿಸುತ್ತದೆ. ಗಾಳಿಕಿಂಡಿಯ ಧೂಳು ತೆಗೆಯುವುದು ಮತ್ತು ಮೇಲೊಂದು ನೆರಳು ಕಟ್ಟುವುದು ಇದಕ್ಕೆ ಸಾಕಾಗುವ ಪರಿಹಾರ.

ಈ ಎಂಟರಲ್ಲಿ ಹಣ ಬೇಡುವವು ತಂತಿ ಮತ್ತು ಎಸ್.ಎಸ್.ಡಿ. ಎರಡೇ. ಉಳಿದವುಗಳಿಗೆ ಬೇಕಾದದ್ದು ಒಂದು ದಿನದ ತಾಳ್ಮೆ.

ಹಣ ಹೋಗುವುದು ಎಲ್ಲಿಗೆ?

ಈ ವೃತ್ತಿಯವರ ಸ್ಥಿರಾಸ್ತಿ ಪಟ್ಟಿಯನ್ನು ನೋಡಿದರೆ ಬಾಕ್ಸ್, ಆಂಪ್ಲಿಫೈಯರ್ ಮತ್ತು ಬಣ್ಣದ ದೀಪಗಳ ಮೇಲೆ ಲಕ್ಷಾಂತರ ರೂಪಾಯಿ ಹೂಡಿರುವುದೂ, ಅವೆಲ್ಲಕ್ಕೂ ಹಾಡು ಒದಗಿಸುವ ಲ್ಯಾಪ್‌ಟಾಪ್ ಮಾತ್ರ ಮನೆಯ ಮಕ್ಕಳು ಬಳಸಿ ಬಿಟ್ಟ ಹಳೆಯದಾಗಿರುವುದೂ ಕಾಣುತ್ತದೆ. ಆದಾಯ ತೆರಿಗೆ ನಿಯಮಗಳು ಸಾಮಾನ್ಯ ಯಂತ್ರೋಪಕರಣಗಳಿಗೆ ಶೇಕಡ 15ರ ಸವಕಳಿಯನ್ನೂ ಕಂಪ್ಯೂಟರಿಗೆ ಶೇಕಡ 40ರ ಸವಕಳಿಯನ್ನೂ ಒಪ್ಪಿರುವುದಕ್ಕೆ ಕಾರಣವಿದೆ. 60,000 ರೂಪಾಯಿಯ ಲ್ಯಾಪ್‌ಟಾಪ್‌ನ ಲೆಕ್ಕದ ಬೆಲೆ ಮೂರು ವರ್ಷಗಳಲ್ಲಿ 12,960 ರೂಪಾಯಿಗೆ ಇಳಿಯುತ್ತದೆ; ಅದೇ ಬೆಲೆಯ ಆಂಪ್ಲಿಫೈಯರ್ ಸುಮಾರು 36,850 ರೂಪಾಯಿಯಲ್ಲಿರುತ್ತದೆ. ಬೇಗ ಸವೆಯುವ ವಸ್ತುವಿಗೆ ಬೇಗ ಹಣ ಕೂಡಿಡಬೇಕೆಂಬುದು ಇದರ ತಾತ್ಪರ್ಯ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನು ಹಳೆಯ ಯಂತ್ರ ಇಟ್ಟುಕೊಂಡವರು ಗಮನಿಸಬೇಕು.

ಇನ್ನೊಂದು ಮುನ್ನೆಚ್ಚರಿಕೆಯ ಮಾತು. ಹಾಡಿನ ಯಂತ್ರದಲ್ಲಿಯೇ ಬ್ಯಾಂಕ್ ವ್ಯವಹಾರ ಮತ್ತು ಜಿ.ಎಸ್.ಟಿ. ಲೆಕ್ಕ ನಡೆಸುವುದು ಸಲ್ಲದು. ಸಮಾರಂಭದಲ್ಲಿ ಅತಿಥಿಗಳು ಕೊಡುವ ಪೆನ್ ಡ್ರೈವ್‌ಗಳ ವೈರಸ್ಸು ಲೆಕ್ಕಪತ್ರಕ್ಕೂ ತಗಲುತ್ತದೆ. ಲೆಕ್ಕದ ತಂತ್ರಾಂಶಗಳು ಹಿನ್ನೆಲೆಯಲ್ಲಿ ನಡೆಸುವ ಕೆಲಸವು ಹಾಡಿಗೂ ಅಡ್ಡಿಯಾಗುತ್ತದೆ. ನಕಲಿ ಡಿ.ಜೆ. ತಂತ್ರಾಂಶ ಹಾಕಿಸಿಕೊಂಡವರಿಗೆ ದೋಷ ಬಂದಾಗ ತಯಾರಕರ ಸಹಾಯ ಕೇಳುವ ಹಕ್ಕೂ ಇರುವುದಿಲ್ಲ.

ಕೂಲಿಯಲ್ಲಿ ಮುರಿಯುವುದು ಸರಿಯೇ?

'ಹುಡುಗರು ಮೊಬೈಲ್ ನೋಡುತ್ತಾ ಕುಳಿತಿರುತ್ತಾರೆ, ಲ್ಯಾಪ್‌ಟಾಪ್‌ಗೆ ಆಟಗಳನ್ನು ತುಂಬುತ್ತಾರೆ, ಸ್ವಲ್ಪ ಬಿಸಿ ತಟ್ಟದಿದ್ದರೆ ಜವಾಬ್ದಾರಿ ಬರುವುದಿಲ್ಲ' ಎಂಬುದು ಮಾಲೀಕರ ವಾದ. ಇದರಲ್ಲಿ ಸತ್ಯಾಂಶ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಹಬ್ ಕೊಡಿಸಿದವರು ಯಾರು, ಹಳೆಯ ತಂತಿಯನ್ನೇ ಮುಂದುವರಿಸಿ ಎಂದವರು ಯಾರು, ಲ್ಯಾಪ್‌ಟಾಪ್‌ ಬಿಸಿಲಲ್ಲಿ ಇಡುವಂತೆ ವಾಹನ ಕಟ್ಟಿಸಿದವರು ಯಾರು ಎಂದು ಕೇಳಿದರೆ ಉತ್ತರ ಅನೇಕ ಸಲ ಬೇರೆಯಾಗಿರುತ್ತದೆ. ಮೇಲೆ ಹೇಳಿದ ಎಂಟು ಕಾರಣಗಳಲ್ಲಿ ಆಪರೇಟರ್ ಒಬ್ಬನೇ ಹೊಣೆಯಾಗಬಹುದಾದವು ಒಂದೆರಡು ಮಾತ್ರ.

ಕಾನೂನಿನ ದೃಷ್ಟಿಯೂ ಇದೇ ಆಗಿದೆ. 1936ರ ವೇತನ ಪಾವತಿ ಅಧಿನಿಯಮದಲ್ಲಿದ್ದ ತತ್ವವನ್ನು, 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ಹಾನಿಯ ಹೆಸರಿನಲ್ಲಿ ಕೂಲಿ ಮುರಿಯಬೇಕಾದರೆ, ಹಾನಿಯಾದ ವಸ್ತು ನೌಕರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ್ದಾಗಿರಬೇಕು. ಹಾನಿಯು ನೇರವಾಗಿ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು. ಮುರಿಯುವ ಮೊದಲು ಅವನ ಸಮಜಾಯಿಷಿ ಕೇಳಿರಬೇಕು. ಮುರಿದ ಮೊತ್ತ ಹಾನಿಯನ್ನು ಮೀರಬಾರದು. ಗ್ರಾಹಕರು ಬಾಕಿ ಹಿಡಿದುಕೊಂಡರೆಂಬುದು ಈ ವರ್ಗಕ್ಕೆ ಸೇರುವುದೇ ಇಲ್ಲ. ಕಾರಣವನ್ನೇ ಬರೆದಿಡದ ಮಾಲೀಕರು ನಾಳೆ ಕಾರ್ಮಿಕ ಅಧಿಕಾರಿಗಳ ಮುಂದೆ ನಿರ್ಲಕ್ಷ್ಯವನ್ನು ಸಿದ್ಧಪಡಿಸುವುದಾದರೂ ಹೇಗೆ?

ವ್ಯವಹಾರದ ದೃಷ್ಟಿಯಿಂದಲೂ ಈ ಪದ್ಧತಿ ಹಾನಿಕರವಾಗಿದೆ. ಕೂಲಿ ಹೋಗುವುದೆಂದು ತಿಳಿದ ಹುಡುಗ ದೋಷವನ್ನು ಮುಚ್ಚಿಡುತ್ತಾನೆ. 'ಕರೆಂಟ್ ಹೋಯಿತು', 'ಬಾಕ್ಸ್ ಬಿಸಿಯಾಯಿತು' ಎಂಬ ಉತ್ತರ ಸಿಗುತ್ತದೆಯೇ ಹೊರತು ನಿಜವಾದ ಲಕ್ಷಣ ಸಿಗುವುದಿಲ್ಲ. ಲಕ್ಷಣ ತಿಳಿಯದೆ ದೋಷ ನಿವಾರಣೆಯಾಗುವುದಿಲ್ಲ. ಎರಡು ಮೂರು ಹಂಗಾಮು ಕಳೆದು ಕೆಲಸ ಕಲಿತ ಆ ಹುಡುಗ ಮೈಸೂರಿಗೋ ಬೆಂಗಳೂರಿಗೋ ಹೊರಟುಹೋಗುತ್ತಾನೆ. ಕೆಲವು ಕಡೆ ಆಪರೇಟರ್‌ಗಳು ತಮ್ಮ ಸ್ವಂತ ಲ್ಯಾಪ್‌ಟಾಪ್‌ ತರುವುದುಂಟು. ಅಂಥಲ್ಲಿ ಅದಕ್ಕೂ ಪ್ರತ್ಯೇಕ ಬಾಡಿಗೆ ಕೊಡುವುದು ಧರ್ಮ. ಯಂತ್ರವೂ ಅವನದು, ನಷ್ಟವೂ ಅವನದು, ಲಾಭ ಮಾತ್ರ ತಮ್ಮದು ಎಂಬುದು ಸರಿಯಾದ ಲೆಕ್ಕವಾಗದು.

ರಿಯಾಯಿತಿಗೂ ದಾಖಲೆ ಬೇಕು

ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿ.ಎಸ್.ಟಿ. ನೋಂದಣಿ ಕಡ್ಡಾಯ. ನೋಂದಾಯಿತರು ಧ್ವನಿ ವ್ಯವಸ್ಥೆಯ ಬಾಡಿಗೆಗೆ ಶೇಕಡ 18ರಂತೆ ತೆರಿಗೆ ವಿಧಿಸುತ್ತಾರೆ. ಸೇವೆಯಲ್ಲಿ ನ್ಯೂನತೆಯಾಯಿತೆಂದು ಬಾಡಿಗೆಯಲ್ಲಿ 5,000 ರೂಪಾಯಿ ಬಿಟ್ಟುಕೊಟ್ಟರೆ, ಅದರ ಮೇಲಿನ 900 ರೂಪಾಯಿ ತೆರಿಗೆಯನ್ನೂ ಗ್ರಾಹಕರಿಗೆ ಬಿಟ್ಟು, ಕ್ರೆಡಿಟ್ ನೋಟ್ ನೀಡಿ ಹೊಂದಿಸಿಕೊಳ್ಳಲು ಕಾಯಿದೆಯ 34ನೇ ಪ್ರಕರಣದಲ್ಲಿ ಅವಕಾಶವಿದೆ. ಬಾಯಿಮಾತಿನ ರಿಯಾಯಿತಿ ಕೊಟ್ಟು ಸುಮ್ಮನಾದವರು ಕೈಗೆ ಬಾರದ ಹಣಕ್ಕೂ ತೆರಿಗೆ ಕಟ್ಟುತ್ತಾರೆ. ಅಂದು ಏನಾಯಿತೆಂಬ ಟಿಪ್ಪಣಿ ಇದ್ದಲ್ಲಿ ಕ್ರೆಡಿಟ್ ನೋಟಿಗೂ ಅದೇ ಆಧಾರವಾಗುತ್ತದೆ.

ಮಂಡಳಿಯಿಂದ ಆಗಬೇಕಾದದ್ದು

ಈ ಹಿನ್ನೆಲೆಯಲ್ಲಿ ನಮ್ಮ ವಾಣಿಜ್ಯ ಮಂಡಳಿಯ ಮುಂದೆ ಮೂರು ಸಲಹೆಗಳನ್ನು ಇಡಬಯಸುತ್ತೇನೆ. ಒಂದನೆಯದಾಗಿ, ಕೆಲಸ ಕಡಿಮೆ ಇರುವ ಆಷಾಢದಲ್ಲಿ ನಂಜನಗೂಡಿನಲ್ಲೊಂದು, ನರಸೀಪುರದಲ್ಲೊಂದು ಅರ್ಧ ದಿನದ ತರಬೇತಿ ಏರ್ಪಡಿಸಿ, ಮಾಲೀಕರು ಮತ್ತು ಆಪರೇಟರ್‌ಗಳು ಒಟ್ಟಿಗೆ ತಮ್ಮ ತಮ್ಮ ಉಪಕರಣಗಳೊಂದಿಗೆ ಬರುವಂತೆ ಮಾಡಬೇಕು. ಎರಡನೆಯದಾಗಿ, ಒಂದು 'ದೋಷ ವಹಿ'ಯನ್ನು ಅಚ್ಚು ಹಾಕಿಸಿ ಸದಸ್ಯರಿಗೆ ಹಂಚಬೇಕು. ಅದರಲ್ಲಿ ದಿನಾಂಕ, ಸ್ಥಳ, ಧ್ವನಿ ನಿಂತ ವೇಳೆ, ಮಿಕ್ಸರ್ ದೀಪಗಳ ಸ್ಥಿತಿ, ಮಾಡಿದ ಬದಲಾವಣೆ, ಫಲಿತಾಂಶ, ಮಾಲೀಕರು ಮತ್ತು ಆಪರೇಟರ್ ಇಬ್ಬರ ಸಹಿ ಇಷ್ಟು ಅಂಕಣಗಳಿದ್ದರೆ ಸಾಕು. ಮೂರನೆಯದಾಗಿ, ಕನ್ನಡದಲ್ಲಿ ಒಂದು ಮಾದರಿ ಬುಕಿಂಗ್ ಪತ್ರ ಸಿದ್ಧಪಡಿಸಬೇಕು. ವಿದ್ಯುತ್ ಯಾರ ಹೊಣೆ, ಎಷ್ಟು ಹೊತ್ತು ಧ್ವನಿ ನಿಂತರೆ ಎಷ್ಟು ರಿಯಾಯಿತಿ, ಪೊಲೀಸ್ ಅನುಮತಿ ಯಾರು ಪಡೆಯಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿದ್ದರೆ ಸಮಾರಂಭದ ರಾತ್ರಿಯ ವಾಗ್ವಾದಗಳು ಬಹಳಷ್ಟು ತಪ್ಪುತ್ತವೆ.

ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಅನುದಾನ ಬೇಕಿಲ್ಲ. ಸದಸ್ಯರು ಮುಂದಿನ ಹಂಗಾಮಿಗೆ ಹೊಸ ಬಾಕ್ಸ್‌ಗಳ ದರಪಟ್ಟಿ ತರಿಸುವ ಮುನ್ನ ಒಂದು ಹೊಸ ಯು.ಎಸ್.ಬಿ. ತಂತಿಯನ್ನೂ ಒಂದು ನೋಟ್ ಪುಸ್ತಕವನ್ನೂ ಕೊಂಡು, ತಮ್ಮ ಆಪರೇಟರ್‌ನೊಡನೆ ಒಂದು ದಿನ ಕುಳಿತು ದೋಷವನ್ನು ಹುಡುಕಲಿ. ಅಲ್ಲಿಯವರೆಗೆ ಅವನ ಕೂಲಿಯನ್ನು ಪೂರ್ಣವಾಗಿ ಕೊಡಲಿ ಎಂಬುದು ನನ್ನ ವಿನಂತಿ.